ನೀರ್ದಿನ ಇಲ್ಲದ ಊರು

ಸಮುದ್ರ ನಮ್ಮ ಹೊಸ್ತಿಲಿಗೆ ಬರುವ ದಿನ ಯಾವುದೆಂದು ಮೊದಲೇ ಗೊತ್ತಾಗಿಬಿಟ್ಟರೆ ಮನುಷ್ಯ ಏನು ಮಾಡಿಯಾನು? ಅಳುತ್ತಾನೆ, ಓಡುತ್ತಾನೆ, ದೇವರ ಮೊರೆ ಹೋಗುತ್ತಾನೆ ಎಂದು ಆ ದಿನವನ್ನು ಹೇಳುವ ಮಹಾನಕಾಶೆಯನ್ನು ಮಾಡಿದ ವಿಜ್ಞಾನಿಗಳು ಎಣಿಸಿದ್ದರು. ಹಾಗೇನೂ ಆಗಲಿಲ್ಲ. ಮೊದಲ ವಾರ ಎಲ್ಲರೂ ಬೆಚ್ಚಿಬಿದ್ದರು. ಎರಡನೆಯ ವಾರ ನೆರೆಮನೆಯವರ ದಿನ ಯಾವುದೆಂದು ವಿಚಾರಿಸಿದರು. ಅದು ತಮ್ಮದಕ್ಕಿಂತ ಎರಡು ವರ್ಷ ಮೊದಲೇ ಎಂದು ತಿಳಿದಾಗ ನೆಮ್ಮದಿಯಿಂದ ಊಟ ಮಾಡಿದರು.

ಆ ದಿನಕ್ಕೆ ನಮ್ಮ ಕರಾವಳಿಯ ಜನ ನೀರ್ದಿನ ಎಂದು ಹೆಸರಿಟ್ಟರು. ಜಗತ್ತಿನ ಯಾವ ಕಡಲತೀರದ ಯಾವ ಮನೆಯಾದರೂ ಸರಿ, ಬಾಗಿಲ ಮುಂದೆ ನಿಂತು ಫೋನು ಹಿಡಿದರೆ ಅದರ ನೀರ್ದಿನ ಮೂಡುತ್ತಿತ್ತು. ಕೆಲವರು ಅದನ್ನು ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದರು. ಹೆಣ್ಣು ನೋಡಲು ಬಂದವರು ಗೋತ್ರ ಕೇಳಿ, ನಕ್ಷತ್ರ ಕೇಳಿ, ಉಪ್ಪಿಟ್ಟು ಮುಗಿಸಿ, ಕೈ ತೊಳೆಯಲು ಹೋಗುವ ನೆಪದಲ್ಲಿ ಹಿತ್ತಲಿಗೆ ಹೋಗಿ ನೀರ್ದಿನ ನೋಡಿಕೊಂಡು ಬರುವುದು ರೂಢಿಯಾಯಿತು. ಎತ್ತರದ ತಡೆಗೋಡೆಯ ಹಿಂದಿನ ಪೇಟೆಯವರ ದಿನಗಳು ಮುಂದಿನ ಶತಮಾನಕ್ಕೆ ಜಾರಿದ್ದವು. ಅವರ ನಡಿಗೆಯಲ್ಲೇ ಅದು ಗೊತ್ತಾಗುತ್ತಿತ್ತು.

ಆ ನಕಾಶೆಯನ್ನು ದಿನವೂ ತಿದ್ದುವ ನಲವತ್ತು ಮನೆಗಳು ಭೂಮಿಯ ಮೇಲಿದ್ದವು. ಅವುಗಳಲ್ಲಿ ಒಂದು ಕಾರವಾರದಲ್ಲಿತ್ತು. ಕಿಟಕಿಯಿಲ್ಲದ ದೊಡ್ಡ ಹಜಾರ. ನೆಲದ ತುಂಬ ಬೆಳಕಿನಲ್ಲಿ ಬರೆದ ಭೂಮಂಡಲದ ಕರಾವಳಿಗಳು. ನೆಲ ಹಸಿರು, ನೀರು ನೀಲಿ. ಒಳಗೆ ಹೋಗುವಾಗ ಚಪ್ಪಲಿ ಬಿಡಬೇಕು. ನಕಾಶೆಯ ಮೇಲೆ ಬರಿಗಾಲಲ್ಲೇ ನಡೆಯಬೇಕು, ತಿದ್ದಬೇಕಾದ ಜಾಗದಲ್ಲಿ ನಿಂತು ಹಿಮ್ಮಡಿ ಒತ್ತಬೇಕು. ಶೇವಂತಿ ಅಂಬಿಗ ಅಲ್ಲಿ ಒಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದಳು. ಕಾಳಿ ನದಿಯಿಂದ ಶರಾವತಿಯವರೆಗಿನ ತೀರ ಅವಳದು. ಆದರೆ ಅಲ್ಲಿಗೆ ಹೋಗಲು ಬಾಗಿಲಿನಿಂದ ಅರ್ಧ ಲೋಕ ದಾಟಬೇಕಿತ್ತು. ಬೆಳಿಗ್ಗೆ ಬೆಳಿಗ್ಗೆ ಅವಳು ನೈಲ್ ನದಿಯ ಮುಖವನ್ನು ಹೆಬ್ಬೆರಳಿನಿಂದ ಸವರಿಕೊಂಡು, ಗಂಗೆಯ ನೂರು ಬಾಯಿಗಳನ್ನು ನಿಧಾನವಾಗಿ ಬಳಸಿಕೊಂಡು ತನ್ನ ಕೆಲಸಕ್ಕೆ ಹೋಗುತ್ತಿದ್ದಳು. ನೀಲಿ ಬೆಳಕು ಪಾದಕ್ಕೆ ತಣ್ಣಗೆ ತಾಗಿದಂತೆ ಅನಿಸುತ್ತಿತ್ತು. ಬೆಳಕು ತಣ್ಣಗಿರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಅನಿಸುತ್ತಿತ್ತು.

ನಕಾಶೆಯ ಲೆಕ್ಕ ಕಷ್ಟದ್ದಲ್ಲ. ಕಡಲು ಎಷ್ಟು ಏರುತ್ತಿದೆ, ನೆಲ ಎಷ್ಟು ಎತ್ತರದಲ್ಲಿದೆ, ಈಗ ಅಲ್ಲಿ ಕಾಣುವುದು ನೀರೋ ಮಣ್ಣೋ, ಈ ಮೂರೇ ಪ್ರಶ್ನೆ. ಕೊನೆಯ ಪ್ರಶ್ನೆಗೆ ಉತ್ತರ ಕೊಡಲು ಹತ್ತು ದಿನಕ್ಕೊಮ್ಮೆ ಒಂದು ಉಪಗ್ರಹ ತಲೆಯ ಮೇಲೆ ಹಾದುಹೋಗುತ್ತಿತ್ತು. ಹಳೆಯ ಉಪಗ್ರಹಕ್ಕೆ ಸ್ವಲ್ಪ ಮಂದದೃಷ್ಟಿ, ಚಿಕ್ಕ ಗದ್ದೆಗಳು ಕಾಣುತ್ತಿರಲಿಲ್ಲ. ಆ ವರ್ಷ ಹೊಸದು ಬಂತು. ಅದಕ್ಕೆ ಗದ್ದೆಯ ಬದುವಿನ ಮೇಲೆ ಕೂತ ಕೊಕ್ಕರೆಯೂ ಕಾಣುತ್ತಿತ್ತು. ಕಣ್ಣು ಚುರುಕಾದಷ್ಟೂ ತಪ್ಪು ದೊಡ್ಡದಾಯಿತು.

ಡಿಸೆಂಬರಿನ ಒಂದು ಬೆಳಿಗ್ಗೆ ಶೇವಂತಿ ತನ್ನ ತೀರಕ್ಕೆ ಬಂದು ನೋಡಿದರೆ ಅಘನಾಶಿನಿಯ ಅಳಿವೆಯಲ್ಲಿ ಒಂದು ಹಸಿರು ಕಾಳು ಮಾಯವಾಗಿತ್ತು. ಅದು ಹಾಲಕುರ್ವೆ, ಹೊಳೆಯ ನಡುವಿನ ನಡುಗಡ್ಡೆ. ಅರವತ್ತೆರಡು ಮನೆಗಳ ಊರು, ಅವಳು ಹುಟ್ಟಿದ ಊರು. ಅವಳ ಅಕ್ಕ ಮಂಕಾಳಿ ಈಗಲೂ ಅಲ್ಲೇ ಇದ್ದಳು. ಅದರ ನೀರ್ದಿನ ಇನ್ನೂ ನಲವತ್ತು ವರ್ಷ ದೂರವಿದ್ದದ್ದು ಈಗ ಎರಡೇ ಪದಗಳಾಗಿತ್ತು: ಮುಳುಗಿ ಆಗಿದೆ.

ನಕಾಶೆ ಮನೆಯ ಮುಖ್ಯಸ್ಥ ವಾಮನ ಶ್ಯಾನಭಾಗರು ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದರು. ಒಳ್ಳೆಯ ಮನುಷ್ಯ. ಆದರೆ ನಿಯಮದ ಪುಸ್ತಕವನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುವ ಜಾತಿ.

"ಮೂರು ಸಲ ಸಾಲಾಗಿ ನೀರು ಕಂಡಿದೆ ಶೇವಂತಿ. ಮೂರು ಸಲ ಕಂಡರೆ ಅದು ಸಮುದ್ರ. ಆಕ್ಷೇಪಣೆಗೆ ಮೂವತ್ತು ದಿನ. ಆಮೇಲೆ ಅಲ್ಲಿಗೆ ದೋಣಿ ಇಲ್ಲ, ಶಾಲೆ ಇಲ್ಲ, ಕಟ್ಟೆ ರಿಪೇರಿ ಇಲ್ಲ. ಜನರನ್ನ ಗುಡ್ಡದ ಮೇಲಿನ ಕಾಲೊನಿಗೆ ಸಾಗಿಸ್ತಾರೆ."

"ಸರ್, ಅದು ನಾವೇ ಬಿಟ್ಟುಕೊಂಡ ನೀರು!" ಶೇವಂತಿಗೆ ನಗು ಬಂತು. "ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೀತಾರೆ. ಉಪ್ಪುನೀರು ತಡ್ಕೊಳ್ಳೋ ಭತ್ತ. ಕೊಯ್ಲಾದ ಮೇಲೆ ಗದ್ದೆ ಸುತ್ತಲಿನ ಕಟ್ಟೆಯ ಬಾಗಿಲು ಎತ್ತಿ ಗದ್ದೆಗೆ ಸಮುದ್ರ ಬಿಡ್ತಾರೆ. ಸೀಗಡಿ ಬರ್ತದೆ, ಮೀನು ಬರ್ತದೆ. ಮೇ ತಿಂಗಳಲ್ಲಿ ಬಾಗಿಲು ಹಾಕ್ತಾರೆ. ನಮ್ಮ ಅಜ್ಜನ ಅಜ್ಜನ ಕಾಲದಿಂದ ಹೀಗೇ."

ಶ್ಯಾನಭಾಗರ ಮುಖ ಅರಳಿತು. "ಹಾಗಾದ್ರೆ ಸುಲಭ ಆಯ್ತಲ್ಲ. ಒಂದು ತಿಂಗಳು ಬಾಗಿಲು ಹಾಕಿಸಿ. ಗದ್ದೆ ಒಣಗಲಿ. ಉಪಗ್ರಹ ಮೂರು ಸಲ ಮಣ್ಣು ನೋಡಲಿ. ಮತ್ತೆ ಹಸಿರು ಬರ್ತದೆ. ಪ್ರತಿ ವರ್ಷ ಅಷ್ಟು ಮಾಡಿದ್ರೆ ಮುಗೀತು."

ಅಂಗೈ ಹುಣ್ಣಿಗೆ ಕನ್ನಡಿ ಹಿಡಿಯುವ ಕೆಲಸ ಎಂದುಕೊಂಡಳು ಶೇವಂತಿ. ಆದರೂ ಖುಷಿಯಿಂದಲೇ ಮರುದಿನ ದೋಣಿ ಹತ್ತಿದಳು. ಬೆಳಗಿನ ಮಂಜು ಇನ್ನೂ ಹೊಳೆಯ ಮೇಲೆ ಮಲಗಿತ್ತು. ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲದ ಗಿಡಗಳು ಬೇರೂರಿ ನಿಂತವೋ ತೇಲುತ್ತಿವೆಯೋ ತಿಳಿಯುತ್ತಿರಲಿಲ್ಲ. ದೋಣಿ ಮುಂದೆ ಹೋದಂತೆ ಹಾಲಕುರ್ವೆಯ ತೆಂಗಿನ ತಲೆಗಳು ಮೊದಲು, ಹೆಂಚುಗಳು ಆಮೇಲೆ, ಕಟ್ಟೆ ಕೊನೆಗೆ, ಒಂದೊಂದಾಗಿ ಯಾರೋ ನೆನಪು ಮಾಡಿಕೊಂಡು ಇಟ್ಟಂತೆ ಕಂಡವು. ಗದ್ದೆಗಳ ಮೇಲೆ ಮೊಣಕಾಲುದ್ದ ನೀರು ಕನಸಿನ ಹಾಗೆ ಸುಮ್ಮನೆ ನಿಂತಿತ್ತು. ಮುಳುಗಿದ ಊರು ಎಂದು ಯಾರಾದರೂ ಹೇಳಿದರೆ ನಂಬುವಂತೆಯೇ ಇತ್ತು.

ಮಂಕಾಳಿ ಕಟ್ಟೆಯ ಬಾಗಿಲ ಮೇಲೆ ಕೂತು ಬಲೆಯ ತೂತು ಹೊಲಿಯುತ್ತಿದ್ದಳು. ತಂಗಿಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಬಾಗಿಲ ಹಲಗೆಗಳನ್ನು ಯಾವ ಭರತಕ್ಕೆ ಎತ್ತಬೇಕು, ಯಾವ ಇಳಿತಕ್ಕೆ ಹಾಕಬೇಕು ಎಂದು ಹೇಳುವವಳು ಅವಳೇ. ಕೊಯ್ಲು ಮುಗಿದ ಅಮಾವಾಸ್ಯೆಯ ಭರತಕ್ಕೆ ಹೊಸ ಅಕ್ಕಿ ಒಂದು ಹಿಡಿ ನೀರಿಗೆ ಹಾಕಿ, ಬಾ ಎಂದು ಕರೆದು ಹಲಗೆ ಎತ್ತುವುದು ಅವರ ಮನೆಯ ಪಾಳಿ. ಕಡಲು ಆ ಊರಿಗೆ ಆರು ತಿಂಗಳ ನೆಂಟ.

"ಬಂದ್ಯನೇ? ಒಬ್ಳೇ ಬಂದೀಯಲ್ಲೇ, ಇಂಪನಾನ್ನ ಎಂತಕೆ ಕರ್ಕಂಡು ಬರ್ಲಿಲ್ಲ?"

ಮಗಳಿಗೆ ಶಾಲೆಯಿದೆ ಎಂದು ಹೇಳಿ ಶೇವಂತಿ ಬಂದ ವಿಷಯ ತಿಳಿಸಿದಳು. ಮಂಕಾಳಿ ಸೂಜಿ ನಿಲ್ಲಿಸದೆ ಕೇಳಿದಳು.

"ಅಂದ್ರೆ ಮೇಲಿಂದ ನೋಡಿದ ಯಂತ್ರ, ಈ ಊರು ಸತ್ತೋಗ್ಯದೆ ಅಂತು?"

"ಹೌದಕ್ಕ."

"ನಾನು ಇಲ್ಲಿ ಕೂತದ್ದು ಕಾಣ್ಲಿಲ್ವಂತೆ?"

"ಕಂಡಿರ್ತದೆ. ಮನುಷ್ಯರನ್ನ ಅದು ಲೆಕ್ಕಕ್ಕೆ ತಗೊಳ್ಳೋದಿಲ್ಲ. ಒಂದು ತಿಂಗಳು ಹಲಗೆ ಹಾಕಿಬಿಡಕ್ಕ. ವರ್ಷಕ್ಕೊಂದು ತಿಂಗಳು. ಎಲ್ಲ ಸರಿಹೋಗ್ತದೆ."

ಮಂಕಾಳಿ ಬಲೆಯನ್ನು ಬದಿಗಿಟ್ಟಳು. "ಡಿಸೆಂಬರ್ ಬಿಟ್ರೆ ನೀರು ಸರಿಯಾಗಿ ಬರೂದು ಯಾವಾಗ? ಬಾ ಇಲ್ಲಿ. ಕೆಳ್ಗೆ ಇಳಿ."

ಕಟ್ಟೆಯಿಂದ ಗದ್ದೆಗೆ ಇಳಿಯಲು ಕೆಂಪುಕಲ್ಲಿನ ಮೆಟ್ಟಿಲುಗಳಿದ್ದವು. ನಾಲ್ಕು ಮೆಟ್ಟಿಲು ಇಳಿದ ಮೇಲೆ ಶೇವಂತಿಯ ಕಾಲು ಕೆಸರಿಗೆ ತಾಗಿತು.

"ಎಷ್ಟು ಇಳ್ದೆ?"

"ನಾಲ್ಕು."

"ನಾನು ಸಣ್ಣೋಳಿದ್ದಾಗ ಐದು. ಅಜ್ಜಿ ಮದ್ವೆಯಾಗಿ ಬಂದಾಗ ಏಳು ಇದ್ದಿತ್ತಂತೆ. ಉಳ್ದದ್ದೆಲ್ಲ ಕೆಸರಿನ ಕೆಳ್ಗೆ ಅದೆ. ನೆಂಟ ಬರೂವಾಗ ಬರಿಗೈಲಿ ಬತ್ತಾನೇನೇ? ಮಣ್ಣು ಹೊತ್ಕಂಡು ಬತ್ತಾನೆ. ನಾವೂ ಕಟ್ಟೆ ಏರ್ಸ್ತಾ ಬಂದ್ವಿ. ಹಲ್ಗೆ ಹಾಕಿದ್ರೆ ಮಣ್ಣು ಎಲ್ಲಿಂದ ಬತ್ತದೆ?"

ಶೇವಂತಿ ಕೆಸರಿನಲ್ಲಿ ಹಾಗೆಯೇ ನಿಂತಳು. ಒಂಬತ್ತು ವರ್ಷ ಅವಳು ಕಡಲು ಏರುವುದನ್ನು ಮಾತ್ರ ಲೆಕ್ಕ ಹಾಕಿದ್ದಳು. ನೆಲ ಸುಮ್ಮನೆ ಕೂತಿರುತ್ತದೆ ಎಂದೇ ನಕಾಶೆ ನಂಬಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬಂತೆ ಅದಕ್ಕೆ ಮೂರೇ ಪ್ರಶ್ನೆ. ಆ ಊರಿನಲ್ಲಿ ಹುಟ್ಟಿ, ಆ ಮೆಟ್ಟಿಲ ಮೇಲೆ ಕುಂಟಾಬಿಲ್ಲೆ ಆಡಿದ ಅವಳಿಗೂ ಇದು ಹೊಳೆದಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

ಮಧ್ಯಾಹ್ನದ ಇಳಿತದಲ್ಲಿ ಉದ್ದನೆಯ ಕೊಳವೆಯೊಂದನ್ನು ಗದ್ದೆಗೆ ಇಳಿಸಿ, ಮಣ್ಣಿನ ಕಂಬವನ್ನು ಮೇಲೆತ್ತಿ ಬಾಳೆಲೆಯ ಮೇಲೆ ಮಲಗಿಸಿದರು. ಪತ್ರೊಡೆಯನ್ನು ಅಡ್ಡ ಕೊಯ್ದಾಗ ಕಾಣುವ ಹಾಗೆ ಪದರ ಪದರ. ಕಪ್ಪು ಪದರ ಮಳೆಗಾಲದ್ದು, ಕಗ್ಗದ ಕೂಳೆ ಕೊಳೆತದ್ದು. ಬೂದು ಪದರ ಕಡಲು ತಂದದ್ದು. ಕಪ್ಪು, ಬೂದು, ಕಪ್ಪು, ಬೂದು. ಶೇವಂತಿ ಮಂಡಿಯೂರಿ ಅಳೆಯುತ್ತ ಹೋದಳು. ವರ್ಷಕ್ಕೆ ಒಂದು ಭತ್ತದ ಕಾಳಿನಷ್ಟು ನೆಲ ಏರಿತ್ತು. ಕಡಲು ಏರಿದ್ದು ಅದಕ್ಕಿಂತ ಕೂದಲೆಳೆ ಕಡಿಮೆ.

ಒಂದು ಕಡೆ ಎರಡು ಕಪ್ಪು ಪದರಗಳು ಅಂಟಿಕೊಂಡಿದ್ದವು. ನಡುವೆ ಬೂದು ಇರಲಿಲ್ಲ.

"ಇದೇನಕ್ಕ? ಈ ವರ್ಷ ನೀರು ಬರಲಿಲ್ವಾ?"

ಮಂಕಾಳಿ ಬೆರಳು ಮಡಚಿ ವರ್ಷ ಎಣಿಸಿ ನಕ್ಕಳು. "ಅದು ಜಗಳದ ವರ್ಷ. ಮೇಲಿನ ಕೇರಿ, ಕೆಳಗಿನ ಕೇರಿ ಬಲೆ ಪಾಳಿಗೆ ಹೊಡ್ದಾಡ್ಕಂಡು ಹಲ್ಗೆಗೆ ಸರಪಳಿ ಹಾಕಿದ್ರು. ಮರುವರ್ಷ ಕಗ್ಗ ಮೊಣಕಾಲಿಗೂ ಏಳ್ಲಿಲ್ಲ. ಆಮೇಲೆ ಬುದ್ಧಿ ಬಂತು."

ಸಂಜೆ ಶಾಲೆಯ ಜಗಲಿಯಲ್ಲಿ ಊರು ಕೂಡಿತು. ಮಾತು ಸುಲಭವಾಗಿರಲಿಲ್ಲ. ದೋಣಿ ನಿಂತರೆ ಹೆರಿಗೆಗೆ ಹೋಗುವುದು ಹೇಗೆ ಎಂದು ಒಬ್ಬಳು ಕೇಳಿದಳು. "ಒಂದ್ ತಿಂಗ್ಳು ಹಲ್ಗೆ ಹಾಕಿದ್ರೆ ಎಂತ ಆತದೆ ಮಾರಾಯ್ತಿ? ನಕಾಶೆಲಿ ಇರೂಕೆ ಬೇಕಲ್ಲ ನಾವು!" ಎಂದ ಪರಮಯ್ಯನೆಂಬ ಮುದುಕ. ಅವನದೂ ಸುಳ್ಳಲ್ಲ. ನೆಲವೆಂದು ತೋರಿಸಿಕೊಳ್ಳಲು ಹಲಗೆ ಹಾಕಬೇಕು. ಹಲಗೆ ಹಾಕಿದರೆ ನೆಲ ಬೆಳೆಯುವುದು ನಿಲ್ಲುತ್ತದೆ. ಆಗ ನಿಜವಾಗಿಯೂ ಮುಳುಗುತ್ತದೆ. ತೆರೆದಿಟ್ಟರೆ ಊರು ಉಳಿಯುತ್ತದೆ, ಲೆಕ್ಕದಲ್ಲಿ ಮಾತ್ರ ಇರುವುದಿಲ್ಲ. ಶೇವಂತಿ ಎದ್ದು ನಿಂತಳು.

"ನಂಗೆ ಇಪ್ಪತ್ತು ದಿನ ಕೊಡಿ. ಹಲಗೆ ಹಾಕಬೇಡಿ. ನಕಾಶೆಗೆ ನಾಲ್ಕನೇ ಪ್ರಶ್ನೆ ಕಲಿಸ್ತೇನೆ. ಆಗಲಿಲ್ಲ ಅಂದ್ರೆ ನಾನೇ ಬಂದು ನಿಮ್ಮ ಸಾಮಾನು ಹೊರ್ತೇನೆ."

"ಹೊರೂಕೆ ನಿಂಗೆ ಶಕ್ತಿ ಎಲ್ಲದೆ?" ಎಂದಳು ಮಂಕಾಳಿ. ಜನ ನಕ್ಕರು. ಅಷ್ಟರಲ್ಲಿ ಹಲಗೆ ಹಾಕುವುದಿಲ್ಲ ಎಂದು ತೀರ್ಮಾನವಾಗಿತ್ತು.

ಕಾರವಾರಕ್ಕೆ ಮರಳಿದ ಶೇವಂತಿ ಉಳಿದ ಮೂವತ್ತೊಂಬತ್ತು ನಕಾಶೆ ಮನೆಗಳಿಗೂ ಒಂದು ಸಣ್ಣ ಪತ್ರ ಬರೆದಳು. ನಿಮ್ಮ ತೀರದಲ್ಲಿ ಕಡಲನ್ನು ತಾವಾಗಿಯೇ ಒಳಗೆ ಕರೆಯುವ ಜನ ಇದ್ದಾರೆಯೇ? ಇದ್ದರೆ ಅವರ ಗದ್ದೆಯಿಂದ ಒಂದು ಕೊಳವೆ ಮಣ್ಣು ತೆಗೆದು ಚಿತ್ರ ಕಳಿಸಿ.

ನಾಲ್ಕು ದಿನ ಯಾರೂ ಉತ್ತರಿಸಲಿಲ್ಲ. ಐದನೆಯ ದಿನ ಕೇರಳದಿಂದ ಒಂದು ಬಂತು. ಅಲ್ಲಿಯೂ ಉಪ್ಪುನೀರಿನ ಭತ್ತ, ಅಲ್ಲಿಯೂ ಸೀಗಡಿ. ಆಮೇಲೆ ಬಂಗಾಳದಿಂದ. ಅಲ್ಲಿನ ರೈತರು ಒಡ್ಡು ಕಡಿದು ಹೊಳೆಯ ಕೆಸರನ್ನು ತಗ್ಗಿಗೆ ಬಿಟ್ಟುಕೊಂಡಿದ್ದರಂತೆ. ಆಮೇಲೆ ಹೆಸರು ಹೇಳಲು ನಾಲಿಗೆ ತಿರುಗದ ಊರುಗಳಿಂದ. ಶೇವಂತಿ ಆ ಚಿತ್ರಗಳನ್ನು ಅವುಗಳ ಜಾಗದಲ್ಲೇ ನಕಾಶೆಯ ನೆಲದ ಮೇಲೆ ಹಾಸಿದಳು. ಕತ್ತಲ ಹಜಾರದಲ್ಲಿ, ನೀಲಿಯ ಅಂಚಿನುದ್ದಕ್ಕೂ, ಮಣ್ಣಿನ ಕಂಬಗಳು ಮಲಗಿದ್ದವು. ಅವುಗಳ ನಡುವೆ ನಡೆಯುವಾಗ ಇವರೆಲ್ಲ ತನ್ನ ಬಳಗದವರೇ, ಯಾವುದೋ ಮದುವೆಯಲ್ಲಿ ನೋಡಿ ಮರೆತವರು ಎಂದು ಅವಳಿಗೆ ಅನಿಸಿತು. ಅವರಲ್ಲಿ ಒಬ್ಬರ ಮುಖವನ್ನೂ ಅವಳು ನೋಡಿರಲಿಲ್ಲ. ಆದರೂ ಕಣ್ಣು ತುಂಬಿ ಬಂತು.

ಇಪ್ಪತ್ತನೆಯ ದಿನ ನಾಲ್ಕನೆಯ ಪ್ರಶ್ನೆ ಸಿದ್ಧವಾಗಿತ್ತು: ನೀರು ಬಂದು ಹೋಗುವಾಗ ನೆಲ ಎಷ್ಟು ಬೆಳೆಯುತ್ತದೆ? ಶ್ಯಾನಭಾಗರು ಎರಡು ಸಲ ಓದಿದರು. ನಿಯಮದ ಪುಸ್ತಕದಲ್ಲಿ ಇದಕ್ಕೆ ಅಡ್ಡಿಯಿರಲಿಲ್ಲ, ಯಾಕೆಂದರೆ ಯಾರೂ ಇದನ್ನು ಯೋಚಿಸಿರಲಿಲ್ಲ.

"ಒಂದು ಮಾತು ಶೇವಂತಿ. ಪ್ರಶ್ನೆ ಹಾಕಿದ ಮೇಲೆ ಅದು ಇಡೀ ನಕಾಶೆಗೆ. ನಿಮ್ಮ ಕುರ್ವೆಗೆ ಮಾತ್ರ ಅಂತ ಇಲ್ಲ. ನೀರು ಬಾರದ ಕಡೆ ನೆಲ ಬೆಳೆಯೋದಿಲ್ಲ ಅಂತಾದ್ರೆ..." ಅವರ ಕಣ್ಣು ನೆಲದ ಮೇಲಿನ ದೊಡ್ಡ ಪಟ್ಟಣಗಳ ಕಡೆ ಹೋಯಿತು. "ಪ್ರಶ್ನೆಯನ್ನ ಒಮ್ಮೆ ಇಡೀ ನಕಾಶೆ ಮೇಲೆ ಹಾಯಿಸಿ ನೋಡಿ. ಆಮೇಲೆ ಹಿಮ್ಮಡಿ ಒತ್ತುವಿರಂತೆ."

ಹಾಯಿಸಿದರು. ಅಘನಾಶಿನಿಯ ಅಳಿವೆಯಲ್ಲಿ ಹಸಿರು ಕಾಳು ಮತ್ತೆ ಮೂಡಿತು. ಅದರ ಪಕ್ಕದಲ್ಲಿ ಯಾವ ದಿನವೂ ಇರಲಿಲ್ಲ, ಒಂದು ಸಣ್ಣ ಗೆರೆ ಮಾತ್ರ. ಜನ ಬಾಗಿಲು ಎತ್ತುತ್ತಿರುವವರೆಗೆ ದಿನ ಹೇಳಲಾಗದು ಎಂದು ನಕಾಶೆ ಒಪ್ಪಿಕೊಂಡಿತ್ತು. ಕೇರಳದ ಅಂಚಿನಲ್ಲಿ, ಬಂಗಾಳದ ತಗ್ಗಿನಲ್ಲಿ, ಇನ್ನೂ ಅಲ್ಲಲ್ಲಿ, ಅಂಥ ಹಸಿರುಗಳು ಒಂದೊಂದೇ ಕಣ್ಣು ಬಿಟ್ಟವು. ಶೇವಂತಿ ಬಾಯಿ ಮುಚ್ಚಿಕೊಂಡು ನಗತೊಡಗಿದಳು.

ಆಮೇಲೆ ಗೋಡೆಗಳ ಹಿಂದಿನ ಹಸಿರಿಗೆ ನೀಲಿ ಬೆರೆಯತೊಡಗಿತು. ದೊಡ್ಡ ದೊಡ್ಡ ಪಟ್ಟಣಗಳಲ್ಲಿ, ಎತ್ತರದ ಒಡ್ಡು ಕಟ್ಟಿ ಕಡಲಿಗೆ ಬೆನ್ನು ಹಾಕಿದ ಕಡೆಗಳಲ್ಲಿ. ಅಲ್ಲಿ ನೆಲ ಬೆಳೆದಿರಲಿಲ್ಲ, ಒಣಗಿ ಒಣಗಿ ಕುಸಿದಿತ್ತು. ಮುಂದಿನ ಶತಮಾನದಲ್ಲಿದ್ದ ದಿನಗಳು ಹತ್ತಾರು ವರ್ಷ ಹಿಂದಕ್ಕೆ ಜಾರಿ ಬಂದವು. ಕಾರವಾರದ ತಡೆಗೋಡೆಯ ಹಿಂದಿನ ಹೊಸ ಬಡಾವಣೆಗೂ ನೀಲಿ ಬೆರೆಯಿತು. ಅದಕ್ಕೆ ಉಳಿದದ್ದು ಹನ್ನೆರಡು ವರ್ಷ.

"ನಿಮ್ಮ ಮನೆ ಅಲ್ಲೇ ಅಲ್ವಾ?" ಶ್ಯಾನಭಾಗರು ಮೆಲ್ಲಗೆ ಕೇಳಿದರು.

"ಹೌದು ಸರ್."

"ನಂದೂ ಅಲ್ಲೇ. ಎರಡು ಬೀದಿ ಆಚೆ." ಅವರು ಕನ್ನಡಕ ತೆಗೆದರು, ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡರು. "ಒತ್ತದಿದ್ರೆ ಯಾರಿಗೂ ಗೊತ್ತಾಗೋದಿಲ್ಲ. ಅದನ್ನೂ ಹೇಳಬೇಕು ನಾನು."

ಒತ್ತದಿದ್ದರೆ ಮೂವತ್ತು ದಿನ ಮುಗಿದೊಡನೆ ಹಾಲಕುರ್ವೆಗೆ ದೋಣಿಯಿಲ್ಲ. ಒತ್ತಿದರೆ ತನ್ನ ಮಗಳ ಊರಿಗೆ ಹನ್ನೆರಡೇ ವರ್ಷ. ಆ ಹನ್ನೆರಡು ವರ್ಷ ನಿನ್ನೆಯೂ ಹನ್ನೆರಡೇ ಆಗಿತ್ತು, ನಕಾಶೆ ಹೇಳಿರಲಿಲ್ಲ ಅಷ್ಟೆ ಎಂದು ಬುದ್ಧಿ ಹೇಳಿತು. ಎದೆ ಕೇಳಲಿಲ್ಲ. ಶೇವಂತಿ ನೀಲಿ ಬೆಳಕಿನ ಮೇಲೆ ಬಹಳ ಹೊತ್ತು ನಿಂತಳು. ಪಾದ ತಣ್ಣಗಾಯಿತು. ಶ್ಯಾನಭಾಗರು ಗಡಿಯಾರ ನೋಡಲಿಲ್ಲ. ಕೊನೆಗೆ ಅವಳು ಹಾಲಕುರ್ವೆಯ ಮೇಲೆ ಹಿಮ್ಮಡಿಯಿಟ್ಟು, ಕಣ್ಣು ಮುಚ್ಚಿ, ಒತ್ತಿದಳು.

ಮನೆಗೆ ಬರುವಷ್ಟರಲ್ಲಿ ಬಡಾವಣೆಯಲ್ಲಿ ಗದ್ದಲವೆದ್ದಿತ್ತು. ಜನ ಬಾಗಿಲ ಮುಂದೆ ಫೋನು ಹಿಡಿದು ನಿಂತಿದ್ದರು. ಗಂಡ ರೋಹಿದಾಸ ಮೆಟ್ಟಿಲ ಮೇಲೆ ಕೂತಿದ್ದ. ಅವನ ಪಕ್ಕದಲ್ಲಿ ಒಂಬತ್ತು ವರ್ಷದ ಇಂಪನಾ.

"ನೀನೇ ಮಾಡಿದ್ದಾ?"

"ಹೌದು. ಇಲ್ದಿದ್ರೆ ಅಕ್ಕನ ಊರು ಹೋಗ್ತಿತ್ತು. ಲೆಕ್ಕ ಮೊದಲೂ ಇಷ್ಟೇ ಇತ್ತು, ನಮಗೆ ಗೊತ್ತಿರಲಿಲ್ಲ."

ರೋಹಿದಾಸ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವನು ತಡೆಗೋಡೆಯ ಕಡೆ ನೋಡುತ್ತ ಕೂತ. ಗೋಡೆ ಎಷ್ಟು ಎತ್ತರವಿತ್ತೆಂದರೆ ಆ ಬೀದಿಯಿಂದ ಸಮುದ್ರ ಕಂಡು ಎಷ್ಟೋ ವರ್ಷಗಳಾಗಿದ್ದವು. ಶಬ್ದ ಮಾತ್ರ ಕೇಳುತ್ತಿತ್ತು.

"ಆಗ ನಂಗೆ ಇಪ್ಪತ್ತೊಂದು," ಎಂದಳು ಇಂಪನಾ, ಬೆರಳು ಮಡಚುತ್ತ. ಅವಳಿಗೆ ಅದು ಬಹಳ ದೊಡ್ಡ ವಯಸ್ಸು.

ಒಳಗೆ ಫೋನು ಬಡಿದುಕೊಂಡಿತು. ಮಂಕಾಳಿ. ಹಿನ್ನೆಲೆಯಲ್ಲಿ ಊರಿಗೆ ಊರೇ ಕೂಗಾಡುತ್ತಿತ್ತು. "ನಮ್ಗೆ ದಿನವೇ ಇಲ್ವಂತೆ ತಂಗೀ! ಬರೀ ಗೆರೆ! ಪರಮಯ್ಯ ಕುಣೀತಾ ಅವ್ನೆ. ಕಗ್ಗದಕ್ಕಿ ಪಾಯ್ಸ ಮಾಡ್ತಾ ಇದ್ವು. ನೀ ಎಂತಕೆ ಮಾತಾಡೂದಿಲ್ಲ?"

ಶೇವಂತಿ ತನ್ನ ಬಡಾವಣೆಯ ಹೊಸ ದಿನ ಹೇಳಿದಳು. ಹೇಳುತ್ತ ಹೇಳುತ್ತ ಅತ್ತಳು. ಮಗಳು ನೋಡುತ್ತಾಳೆಂದು ಗೋಡೆಗೆ ಮುಖ ಮಾಡಿ ಅತ್ತಳು. ಆ ಕಡೆ ಗದ್ದಲ ದೂರವಾಯಿತು. ಅಕ್ಕ ಎದ್ದು ಕಟ್ಟೆಯ ಕಡೆ ನಡೆದಿರಬೇಕು. ಗದ್ದೆಗೆ ನೀರು ನುಗ್ಗುವ ಸದ್ದು ಕೇಳಿಸಿತು.

"ಹನ್ನೆರಡು ವರ್ಷ ಅದೆ ಅಲ್ವನೇ," ಎಂದಳು ಮಂಕಾಳಿ. "ಈ ರಜೆಗೆ ಇಂಪನಾನ್ನ ಇಲ್ಲಿಗೆ ಕಳ್ಸು. ಹಲ್ಗೆ ಎತ್ತೂದು ಕಲ್ತ್ಕಳ್ಳಿ. ನಿಮ್ ಗೋಡೆಗೂ ಒಂದಿನ ಬಾಗ್ಲು ಇಡ್ಬೇಕಾತದೆ. ಆಗ ನೀರನ್ನ ಕರಿಯೂಕೆ ಗೊತ್ತಿದ್ದೋರು ಒಬ್ರು ಬೇಕಲ್ಲ."